ಓದುಗರ ಪ್ರಶ್ನೆ: ಸಂಘಟಿತರ ದನಿ ಸರ್ಕಾರದ ಕಿವಿಗೆ ಮುಟ್ಟುವುದು ಹೇಗೆ?

ಸಂಘ ಸಂಸ್ಥೆಗಳು ಸರ್ಕಾರದ ತೀರ್ಮಾನಗಳ ಮೇಲೆ ಬೀರುವ ಪ್ರಭಾವದ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿಕೊಂಡಿದ್ದೇವೆ. ಕೇಳಿದವರ ಹೆಸರು ಬಿಟ್ಟು ಊರನ್ನಷ್ಟೇ ಕೊಟ್ಟಿದೆ.

ಪ್ರಶ್ನೆ: ಒತ್ತಡ ಗುಂಪು ಬೇರೆ, ರಾಜಕೀಯ ಪಕ್ಷ ಬೇರೆ ಎಂದು ನಮ್ಮ ಪಠ್ಯದಲ್ಲಿದೆ. ರೈತ ಸಂಘದವರು ಚುನಾವಣೆಗೂ ನಿಲ್ಲುತ್ತಾರಲ್ಲ, ಅವರನ್ನು ಯಾವುದಕ್ಕೆ ಸೇರಿಸಬೇಕು?
— ದ್ವಿತೀಯ ಪಿಯು ವಿದ್ಯಾರ್ಥಿನಿ, ಧಾರವಾಡ

ಉತ್ತರ: ಪಠ್ಯದಲ್ಲಿರುವುದು ಸರಿಯೇ. ಅಧಿಕಾರದಲ್ಲಿ ಕೂರಬೇಕು ಎಂದು ಹೊರಟವರು ಪಕ್ಷ. ಅಧಿಕಾರದಲ್ಲಿ ಯಾರೇ ಕೂತಿರಲಿ, ತಮ್ಮ ಕೆಲಸ ಆಗಬೇಕು ಎನ್ನುವವರು ಹಿತಾಸಕ್ತಿ ಗುಂಪು. ಅವರು ಆ ಕೆಲಸಕ್ಕಾಗಿ ಮನವಿ, ಧರಣಿ, ಮೊಕದ್ದಮೆ, ಪ್ರಚಾರಗಳ ದಾರಿ ಹಿಡಿದಾಗ ಒತ್ತಡ ಗುಂಪು ಎನ್ನುತ್ತೇವೆ. ಸಂವಿಧಾನದ 19(1)(ಸಿ) ವಿಧಿ ಸಂಘ ಕಟ್ಟುವ ಹಕ್ಕನ್ನು ಕೊಟ್ಟಿರುವುದು ಇಬ್ಬರಿಗೂ. ಪಕ್ಷವಾಗಬೇಕಾದರೆ ಮಾತ್ರ 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 29ಎ ಪ್ರಕಾರ ಚುನಾವಣಾ ಆಯೋಗದಲ್ಲಿ ನೋಂದಣಿ ಬೇಕು.

ನಿಮ್ಮ ಸಂದೇಹಕ್ಕೆ ನಿಮ್ಮ ಜಿಲ್ಲೆಯಲ್ಲೇ ಉತ್ತರವಿದೆ. ಮಲಪ್ರಭಾ ಅಚ್ಚುಕಟ್ಟಿನಲ್ಲಿ ನೀರಿನ ಕರ ಮತ್ತು ಅಭಿವೃದ್ಧಿ ಕರದ ವಿರುದ್ಧ ಎದ್ದ ಹೋರಾಟ 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರಿನವರೆಗೆ ಹೋಯಿತು. ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದ್ದು ಅದೇ ವರ್ಷ. ಮೊದಲು ಅದು ಶುದ್ಧ ಒತ್ತಡ ಗುಂಪು. ಆಮೇಲೆ ಅದೇ ಚಳವಳಿಯಿಂದ ಬಂದ ಕೆ.ಎಸ್. ಪುಟ್ಟಣ್ಣಯ್ಯ 2013ರಲ್ಲಿ ಮೇಲುಕೋಟೆಯಿಂದ ಸರ್ವೋದಯ ಕರ್ನಾಟಕ ಪಕ್ಷದ ಹೆಸರಿನಲ್ಲಿ ಗೆದ್ದರು. 2023ರಲ್ಲಿ ಅವರ ಮಗ ದರ್ಶನ್ ಗೆದ್ದರು. ಇಲ್ಲಿ ಸಂಘ ಸಂಘವಾಗಿಯೇ ಉಳಿದಿದೆ, ಚುನಾವಣೆಗೆ ಬೇರೆ ಪಕ್ಷವಿದೆ. ಪರೀಕ್ಷೆಯಲ್ಲಿ ವ್ಯಾಖ್ಯೆ ಬರೆದು, ಜೊತೆಗೆ ಈ ಉದಾಹರಣೆ ಕೊಡಿ.

ಪ್ರಶ್ನೆ: ನಾವು ಹಿಟ್ಟಿನ ಗಿರಣಿ, ಖಾರದಪುಡಿ ಗಿರಣಿ ನಡೆಸುವ ಹದಿನಾಲ್ಕು ಜನ ಸೇರಿ ಒಂದು ಸಂಘ ಮಾಡಿಕೊಂಡಿದ್ದೇವೆ. ಕರೆಂಟ್ ದರ ಏರಿದಾಗೆಲ್ಲ ಬೆಸ್ಕಾಂ ಕಚೇರಿ ಮುಂದೆ ಘೋಷಣೆ ಕೂಗಿ ಬರುತ್ತೇವೆ, ಏನೂ ಆಗುವುದಿಲ್ಲ. ದೊಡ್ಡ ಕೈಗಾರಿಕೆಯವರ ಮಾತು ಮಾತ್ರ ಯಾಕೆ ನಡೆಯುತ್ತದೆ?
— ಗಿರಣಿ ಮಾಲೀಕರ ಪರವಾಗಿ, ದಾವಣಗೆರೆ

ಉತ್ತರ: ನೀವು ಘೋಷಣೆ ಕೂಗುವ ಹೊತ್ತಿಗೆ ತೀರ್ಮಾನ ಆಗಿಹೋಗಿರುತ್ತದೆ, ಅದೂ ಬೇರೆ ಕಚೇರಿಯಲ್ಲಿ. ದರ ನಿಗದಿ ಮಾಡುವುದು ಬೆಸ್ಕಾಂ ಅಲ್ಲ, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ. ಸಾಮಾನ್ಯ ಜನ ಕಾನೂನುಬದ್ಧವಾಗಿ ಒಳಗೆ ಹೋಗಿ ಮಾತನಾಡಬಹುದಾದ ಬಾಗಿಲುಗಳಲ್ಲಿ ಇದು ಅತ್ಯಂತ ಅಗಲವಾದದ್ದು. ಅದನ್ನು ಸಣ್ಣವರು ಬಳಸುವುದೇ ಅಪರೂಪ ಎನ್ನುವುದು ನಮಗೆ ನಿಜಕ್ಕೂ ಬೇಸರದ ಸಂಗತಿ.

2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಮು ಹೇಳುವುದು ಇಷ್ಟು. ವಿತರಣಾ ಕಂಪನಿ ತನ್ನ ಖರ್ಚು, ಆದಾಯ, ಬೇಕಾದ ದರ ಎಲ್ಲವನ್ನೂ ಬರೆದು ಆಯೋಗಕ್ಕೆ ಅರ್ಜಿ ಹಾಕಬೇಕು. ಅರ್ಜಿಯ ಸಾರಾಂಶವನ್ನು ಸಾರ್ವಜನಿಕವಾಗಿ ಪ್ರಕಟಿಸಬೇಕು. ಆಯೋಗವು ಅರ್ಜಿ ಬಂದ 120 ದಿನಗಳೊಳಗೆ, ಜನರ ಸಲಹೆ ಮತ್ತು ಆಕ್ಷೇಪಣೆಗಳನ್ನೆಲ್ಲ ಪರಿಗಣಿಸಿ ಆದೇಶ ಕೊಡಬೇಕು. ನಮ್ಮ ರಾಜ್ಯದಲ್ಲಿ ಪತ್ರಿಕಾ ಪ್ರಕಟಣೆಯ ನಂತರ ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನ ಸಿಗುತ್ತದೆ. ಆಕ್ಷೇಪಣೆಗೆ ಕಂಪನಿ ಲಿಖಿತ ಉತ್ತರ ಕೊಡುತ್ತದೆ, ಆಮೇಲೆ ಬಹಿರಂಗ ವಿಚಾರಣೆ ನಡೆಯುತ್ತದೆ. ಕೊನೆಗೆ ಬರುವ ಆದೇಶದಲ್ಲಿ ಒಂದು ಭಾಗ ಪೂರ್ತಿ ಇದಕ್ಕೇ ಮೀಸಲು: ಯಾರು ಏನು ಆಕ್ಷೇಪಿಸಿದರು, ಕಂಪನಿ ಏನೆಂದಿತು, ಆಯೋಗದ ಅಭಿಪ್ರಾಯ ಏನು. ದೊಡ್ಡ ಕೈಗಾರಿಕಾ ಸಂಸ್ಥೆಗಳ ವಾದ ಅಲ್ಲಿ ಪುಟಗಟ್ಟಲೆ ಕಾಣುತ್ತದೆ. ಅವರಿಗೆ ದಿನಾಂಕ ಗೊತ್ತು, ಲೆಕ್ಕ ಬರೆಯುವ ಸಿಬ್ಬಂದಿ ಇದ್ದಾರೆ, ವ್ಯತ್ಯಾಸ ಅಷ್ಟೇ.

ನೀವು ಮಾಡಬೇಕಾದ ಮೊದಲ ಕೆಲಸ ನಿಮ್ಮದೇ ಬಿಲ್ಲುಗಳನ್ನು ಗುಡ್ಡೆ ಹಾಕುವುದು. ಹದಿನಾಲ್ಕು ಗಿರಣಿಗಳ ಹನ್ನೆರಡು ತಿಂಗಳ ಬಿಲ್ಲು ತೆಗೆದು ಒಂದು ಪಟ್ಟಿ ಮಾಡಿ: ಮಂಜೂರಾದ ಎಚ್‌ಪಿ, ಸುಟ್ಟ ಯೂನಿಟ್, ನಿಗದಿತ ಶುಲ್ಕ (ಕರೆಂಟ್ ಸುಡಲಿ ಬಿಡಲಿ ಕಟ್ಟಬೇಕಾದ್ದು), ಬಳಕೆ ಶುಲ್ಕ, ಒಟ್ಟು ಮೊತ್ತದಲ್ಲಿ ನಿಗದಿತ ಶುಲ್ಕದ ಪಾಲು ಶೇಕಡ ಎಷ್ಟು. ಗಿರಣಿ ದಿನಕ್ಕೆ ಕೆಲವೇ ತಾಸು ಓಡುವುದರಿಂದ ಈ ಪಾಲು ದೊಡ್ಡ ಕಾರ್ಖಾನೆಗಿಂತ ಹೆಚ್ಚಿರುತ್ತದೆ. ಹಾಗಾಗಿ ಯೂನಿಟ್ ದರಕ್ಕಿಂತ ನಿಗದಿತ ಶುಲ್ಕದ ಏರಿಕೆಯೇ ನಿಮ್ಮನ್ನು ಹೆಚ್ಚು ಹಿಂಡುತ್ತದೆ. ಕಾಯ್ದೆಯ 62(3) ಕಲಮು ಗ್ರಾಹಕರ ನಡುವೆ ಸುಮ್ಮನೆ ಭೇದ ಮಾಡುವಂತಿಲ್ಲ ಎನ್ನುತ್ತದೆ. ಆದರೆ ಲೋಡ್ ಫ್ಯಾಕ್ಟರ್ (ಮಂಜೂರಾದ ಸಾಮರ್ಥ್ಯದಲ್ಲಿ ನಿಜಕ್ಕೂ ಬಳಸುವ ಪಾಲು), ಪವರ್ ಫ್ಯಾಕ್ಟರ್ (ಎಳೆದ ವಿದ್ಯುತ್ತಿನಲ್ಲಿ ಕೆಲಸಕ್ಕೆ ಬರುವ ಪಾಲು), ವೋಲ್ಟೇಜ್, ಬಳಸುವ ಸಮಯ, ಬಳಕೆಯ ಪ್ರಮಾಣ, ಉದ್ದೇಶ ಇಂಥ ಆಧಾರಗಳ ಮೇಲೆ ಬೇರೆ ದರಕ್ಕೆ ಅವಕಾಶ ಕೊಡುತ್ತದೆ. ನಿಮ್ಮ ಕೋರಿಕೆ ಈ ಪದಗಳ ಮೇಲೆಯೇ ನಿಲ್ಲಬೇಕು. "ನಾವು ಬಡವರು, ದರ ಏರಿಸಬೇಡಿ" ಎಂದು ಬರೆದರೆ ಆಯೋಗ ಅದನ್ನು ಓದುತ್ತದೆ, ದಾಖಲಿಸುತ್ತದೆ, ಆದರೆ ಅದರ ಮೇಲೆ ಆದೇಶ ಬರೆಯಲು ಅದಕ್ಕೆ ಆಧಾರ ಸಿಗುವುದಿಲ್ಲ.

ಎರಡನೆಯದು ಕಂಪನಿಯ ಲೆಕ್ಕ. ಅರ್ಜಿ ದಪ್ಪ ಇರುತ್ತದೆ, ಹೆದರಬೇಡಿ, ಮೂರು ಕಡೆ ಬೆರಳಿಟ್ಟರೆ ಸಾಕು. ಒಂದು, ವಿತರಣಾ ನಷ್ಟ. 100 ಯೂನಿಟ್ ಗ್ರಾಹಕರಿಗೆ ಮುಟ್ಟಿಸಲು ಶೇ 10 ನಷ್ಟವಿದ್ದರೆ ಸುಮಾರು 111 ಯೂನಿಟ್ ಖರೀದಿಸಬೇಕು, ಶೇ 12 ಆದರೆ ಸುಮಾರು 113.6. ಹೆಚ್ಚುವರಿ ಎರಡೂವರೆ ಯೂನಿಟ್ಟಿನ ದುಡ್ಡು ಯಾರ ತಲೆಗೆ? ಆಯೋಗ ನಿಗದಿಪಡಿಸಿದ ಮಿತಿಗಿಂತ ನಷ್ಟ ಹೆಚ್ಚಿದ್ದರೆ ಆ ಖರ್ಚನ್ನು ಗ್ರಾಹಕರ ಮೇಲೆ ಹಾಕಬೇಡಿ ಎಂದು ಕೇಳುವುದು ಗಟ್ಟಿ ವಾದ. ಎರಡು, ಪಂಪ್‌ಸೆಟ್ ಬಳಕೆಯ ಅಂದಾಜು. 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗೆ ವಿದ್ಯುತ್ ಉಚಿತ, ಬಹುಪಾಲಿಗೆ ಮೀಟರ್ ಇಲ್ಲ. ಅವುಗಳ ಬಳಕೆಯನ್ನು ಫೀಡರ್, ಅಂದರೆ ಉಪಕೇಂದ್ರದಿಂದ ಹೊರಡುವ ವಿದ್ಯುತ್ ಮಾರ್ಗದ ಲೆಕ್ಕದಿಂದ ಅಂದಾಜು ಮಾಡುತ್ತಾರೆ. ಅಂದಾಜು ಹಿಗ್ಗಿದರೆ ಕಳುವು, ಸೋರಿಕೆ ಎಲ್ಲ ರೈತರ ಹೆಸರಿಗೆ ಜಮೆಯಾಗಿ, ನಷ್ಟ ಕಮ್ಮಿ ಇದ್ದಂತೆ ಕಾಣುತ್ತದೆ. ಫೀಡರ್‌ವಾರು ಅಂಕಿ ಅಂಶ ಕೊಡಿ ಎಂದು ಕೇಳಿ. ಇಲ್ಲಿ ರೈತ ಸಂಘಟನೆಯೂ ನಿಮ್ಮ ಜೊತೆ ನಿಲ್ಲಬಹುದು, ಏಕೆಂದರೆ ತಾವು ಸುಡದ ಕರೆಂಟಿನ ಲೆಕ್ಕ ತಮ್ಮ ಮೇಲೆ ಬರುವುದು ಅವರಿಗೂ ಬೇಡ. ಮೂರು, ಸಹಾಯಧನ. ಸರ್ಕಾರ ಯಾವುದೇ ವರ್ಗಕ್ಕೆ ರಿಯಾಯಿತಿ ಘೋಷಿಸಿದರೆ ಅದರ ಹಣವನ್ನು 65ನೇ ಕಲಮಿನಂತೆ ಮುಂಗಡವಾಗಿ ಕೊಡಬೇಕು. ಬಾಕಿ ಎಷ್ಟು, ಅದಕ್ಕಾಗಿ ಕಂಪನಿ ಮಾಡಿದ ಸಾಲದ ಬಡ್ಡಿ ದರದೊಳಗೆ ಸೇರಿದೆಯೇ ಎಂದು ಕೇಳಿ.

ಆಯೋಗದ ಮುಂದೆ ಹೋದವರ ಕೆಲಸ ಕೆಡುವುದು ಬಹುತೇಕ ಸಣ್ಣ ಕಾರಣಗಳಿಗೆ. ಪ್ರಕಟಣೆಯಲ್ಲಿ ಪ್ರಮಾಣಪತ್ರ (ಅಫಿಡವಿಟ್) ಲಗತ್ತಿಸಿ, ಇಷ್ಟು ಪ್ರತಿ ಕಳಿಸಿ, ಒಂದು ಪ್ರತಿ ಕಂಪನಿಗೂ ಕೊಡಿ ಎಂದಿರುತ್ತದೆ, ಅದನ್ನು ಪಾಲಿಸಿರುವುದಿಲ್ಲ. ಒಂದೇ ಪತ್ರವನ್ನು ಜೆರಾಕ್ಸ್ ಮಾಡಿ ನೂರು ಜನ ಸಹಿ ಹಾಕಿ ಕಳಿಸುತ್ತಾರೆ, ಅದು ಒಂದೇ ಆಕ್ಷೇಪಣೆಯಾಗಿ ಉಳಿಯುತ್ತದೆ. ಅದರ ಬದಲು ಹದಿನಾಲ್ಕರಲ್ಲಿ ಮೂವರು ಮೂರು ಬೇರೆ ಅಂಶಗಳ ಮೇಲೆ ಬರೆಯಿರಿ. ಇನ್ನು ಕೆಲವರು ವಿಚಾರಣೆಯಲ್ಲಿ ಸಿಕ್ಕ ಐದು ಹತ್ತು ನಿಮಿಷವನ್ನು ತಮ್ಮ ಬೀದಿಯ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟ ಕಥೆಗೆ ಕಳೆಯುತ್ತಾರೆ. ಟಿಸಿ, ಬಿಲ್ಲು, ಮೀಟರ್ ದೂರುಗಳಿಗೆ ಕಾಯ್ದೆಯ 42(5) ಕಲಮಿನಡಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಪ್ರತ್ಯೇಕವಾಗಿದೆ.

ಆಯೋಗ 2025ರ ಮಾರ್ಚಿನಲ್ಲಿ ಮೂರು ವರ್ಷದ ದರವನ್ನು ಒಟ್ಟಿಗೆ ಪ್ರಕಟಿಸಿದೆ. ಆದರೂ ನಡುವೆ ಹಿಂದಿನ ವರ್ಷದ ಲೆಕ್ಕ ಪರಿಶೀಲನೆಯ ಅರ್ಜಿಗಳು ಬರುತ್ತವೆ, ನವೆಂಬರಿನಿಂದ ಫೆಬ್ರುವರಿಯವರೆಗೆ ಪತ್ರಿಕಾ ಪ್ರಕಟಣೆಗಳ ಮೇಲೆ ಕಣ್ಣಿಡಿ. ಆದೇಶ ಒಪ್ಪಿಗೆಯಾಗದಿದ್ದರೆ 45 ದಿನಗಳೊಳಗೆ ದೆಹಲಿಯ ವಿದ್ಯುಚ್ಛಕ್ತಿ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು. ಅಲ್ಲಿ ನಿಮ್ಮನ್ನು ಕೇಳುವ ಮೊದಲ ಪ್ರಶ್ನೆ, ಆಯೋಗದ ಮುಂದೆ ಇದನ್ನು ಎತ್ತಿದ್ದಿರಾ ಎಂಬುದೇ.

ಪ್ರಶ್ನೆ: ಕೆರೆ ಉಳಿಸಲು ವಾಟ್ಸ್‌ಆ್ಯಪ್ ಗುಂಪಾಗಿ ಶುರುವಾದವರು ನಾವು. ನೋಂದಣಿ ಮಾಡಿಸಬೇಕೇ?
— ನಿವೃತ್ತ ಎಂಜಿನಿಯರ್, ಮೈಸೂರು

ಉತ್ತರ: ಮಾತನಾಡಲು, ಮನವಿ ಕೊಡಲು, ಮಾಹಿತಿ ಹಕ್ಕಿನ ಅರ್ಜಿ ಹಾಕಲು, ಸಾರ್ವಜನಿಕ ಹಿತಾಸಕ್ತಿ ಮೊಕದ್ದಮೆ ಹೂಡಲು ನೋಂದಣಿ ಬೇಕಿಲ್ಲ. ಮಾಹಿತಿ ಹಕ್ಕು ಕಾಯ್ದೆಗೆ ನೆಲದ ಬಲ ಕೊಟ್ಟ ರಾಜಸ್ಥಾನದ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ 1990ರಿಂದ ಇಂದಿನವರೆಗೂ ನೋಂದಾಯಿತ ಸಂಸ್ಥೆಯಲ್ಲ. ಹಳ್ಳಿಯ ಕಾಮಗಾರಿಗಳ ಹಾಜರಿ ಪಟ್ಟಿ, ಬಿಲ್ಲು, ವೋಚರ್‌ಗಳ ನಕಲು ಕೊಡಿ ಎಂಬ ಬೇಡಿಕೆಯಿಂದ ಹೊರಟು, 1996ರಲ್ಲಿ ಬ್ಯಾವರ್‌ನಲ್ಲಿ 40 ದಿನ ಧರಣಿ ಕೂತು, 2005ರ ಕಾಯ್ದೆಯವರೆಗೆ ದಾರಿ ಮಾಡಿದ್ದು ಅವರು.

ನೋಂದಣಿ ಬೇಕಾಗುವುದು ದುಡ್ಡು ಬಂದಾಗ. ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ, ಬಾಡಿಗೆ ಕರಾರು, ದೇಣಿಗೆಗೆ ತೆರಿಗೆ ವಿನಾಯಿತಿ ಬೇಕೆಂದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ 7 ಜನ ಸೇರಿ, ಧ್ಯೇಯೋದ್ದೇಶ ಪತ್ರ ಮತ್ತು ನಿಯಮಾವಳಿಯೊಂದಿಗೆ ಸಹಕಾರ ಇಲಾಖೆಯ ಜಿಲ್ಲಾ ಸಂಘಗಳ ನೋಂದಣಾಧಿಕಾರಿಯ ಬಳಿ ಹೋಗಿ. ನೋಂದಣಿ ಸುಲಭ, ಉಳಿಸಿಕೊಳ್ಳುವುದು ಕಷ್ಟ. ವಾರ್ಷಿಕ ಮಹಾಸಭೆಯ ನಂತರ 14 ದಿನಗಳೊಳಗೆ ಆಡಳಿತ ಮಂಡಳಿಯ ಪಟ್ಟಿ, ಲೆಕ್ಕಪತ್ರ ಸಲ್ಲಿಸಬೇಕು. ಎರಡು ಮೂರು ವರ್ಷ ಬಿಟ್ಟ ಸಂಘದಲ್ಲಿ ಜಗಳವೆದ್ದರೆ ನಿಜವಾದ ಪದಾಧಿಕಾರಿ ಯಾರು ಎಂದು ಸಾಬೀತು ಮಾಡುವುದೇ ದೊಡ್ಡ ಕೆಲಸವಾಗುತ್ತದೆ, ಕೆರೆ ಅಲ್ಲೇ ಉಳಿಯುತ್ತದೆ. ಲೆಕ್ಕ ಬರೆಯುವ ಒಬ್ಬ ಖಜಾಂಚಿ ಗಟ್ಟಿಯಾಗಿ ಸಿಗುವವರೆಗೆ ನೋಂದಣಿ ಬೇಡ ಎನ್ನುವುದು ನಮ್ಮ ಸಲಹೆ. ವಿದೇಶದಲ್ಲಿರುವ ಗೆಳೆಯರು ಹಣ ಕಳಿಸುತ್ತೇವೆ ಎಂದರೆ ಒಂದು ಎಚ್ಚರ: ಅವರು ಬೇರೆ ದೇಶದ ಪೌರತ್ವ ಪಡೆದಿದ್ದರೆ ಅದು ವಿದೇಶಿ ದೇಣಿಗೆ. ಅದಕ್ಕೆ ಕೇಂದ್ರ ಗೃಹ ಸಚಿವಾಲಯದ ಅನುಮತಿ ಬೇಕು.

ಪ್ರಶ್ನೆ: ಸ್ಥಳೀಯರಿಗೆ ಉದ್ಯೋಗ ಮೀಸಲಾತಿ ಮಸೂದೆ 2024ರಲ್ಲಿ ಎರಡೇ ದಿನದಲ್ಲಿ ಮೂಲೆ ಸೇರಿತು. ಕಂಪನಿಗಳು ಒಂದು ಹೇಳಿಕೆ ಕೊಟ್ಟರೆ ಸಾಕು, ಲಕ್ಷಾಂತರ ಕನ್ನಡಿಗ ಯುವಕರ ಮಾತಿಗೆ ಬೆಲೆ ಇಲ್ಲ ಎಂದಾದರೆ ಇದೆಂಥ ಪ್ರಜಾಪ್ರಭುತ್ವ?
— ಡಿಪ್ಲೊಮಾ ಪದವೀಧರ, ತುಮಕೂರು

ಉತ್ತರ: ನಿಮ್ಮ ನೋವು ನ್ಯಾಯವಾದದ್ದು. ನಡೆದದ್ದನ್ನು ಬಿಡಿಸಿ ನೋಡೋಣ. ಜುಲೈ 15ರಂದು ಸಚಿವ ಸಂಪುಟ ಒಪ್ಪಿದ ಮಸೂದೆಯಲ್ಲಿ ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದ ಹುದ್ದೆಗಳಲ್ಲಿ ಶೇ 70 ಸ್ಥಳೀಯರಿಗೆ ಎಂದಿತ್ತು. ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟ ನಾಸ್ಕಾಂ ಕಟುವಾಗಿ ವಿರೋಧಿಸಿತು, ಉದ್ಯಮಿಗಳು ದನಿಗೂಡಿಸಿದರು, ನೆರೆಯ ಆಂಧ್ರದ ಸಚಿವರು ನಮ್ಮಲ್ಲಿಗೆ ಬನ್ನಿ ಎಂದು ಕರೆದರು. ಜುಲೈ 17ರಂದೇ ಮಸೂದೆಯನ್ನು ತಡೆಹಿಡಿಯಲಾಯಿತು.

ಕಂಪನಿಗಳ ಕೂಟ ಇಷ್ಟು ಬೇಗ ಗೆಲ್ಲುವುದಕ್ಕೆ ಕಾರಣವನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಮ್ಯಾನ್ಸರ್ ಓಲ್ಸನ್ 1965ರಲ್ಲೇ ವಿವರಿಸಿದ್ದರು. ಸದಸ್ಯರು ಕೆಲವೇ ಮಂದಿ, ಒಬ್ಬೊಬ್ಬರಿಗೂ ಲಾಭ ನಷ್ಟ ದೊಡ್ಡದು ಎಂದಾಗ ಸಂಘಟನೆ ತಾನಾಗಿ ಗಟ್ಟಿಯಾಗುತ್ತದೆ. ಲಕ್ಷಾಂತರ ಜನರಿಗೆ ತಲಾ ಸ್ವಲ್ಪ ಸ್ವಲ್ಪ ಲಾಭ ಎಂದಾಗ, ಬೇರೆ ಯಾರಾದರೂ ಹೋರಾಡಲಿ ಎಂದು ಪ್ರತಿಯೊಬ್ಬನೂ ಕಾಯುತ್ತಾನೆ. ಕೆಲಸ ಹುಡುಕುವ ಯುವಕನಿಗೆ ಇನ್ನೂ ಒಂದು ತೊಡಕಿದೆ. ಕೆಲಸ ಸಿಕ್ಕ ಕೂಡಲೇ ಅವನು ಆ ಗುಂಪಿನಿಂದ ಹೊರಬೀಳುತ್ತಾನೆ, ಅವನು ಕಲಿತದ್ದು ಅವನ ನಂತರ ಬರುವವರಿಗೆ ದಾಟುವುದಿಲ್ಲ. ಕಂಪನಿಗಳಿಗೆ ಊರು ಬಿಟ್ಟು ಹೋಗುತ್ತೇವೆ ಎಂಬ ಬೆದರಿಕೆಯ ಬಲವೂ ಇದೆ.

ಆದರೆ ವಿರೋಧವೆಲ್ಲ ಬರೀ ಸ್ವಾರ್ಥವೆನ್ನಲು ಬಾರದು. ಹರಿಯಾಣದ ಇಂಥದೇ ಶೇ 75ರ ಕಾಯ್ದೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ 2023ರ ನವೆಂಬರಿನಲ್ಲಿ ರದ್ದುಪಡಿಸಿತ್ತು. ಅದನ್ನು ಮೊದಲೇ ಎದುರಿಗಿಟ್ಟುಕೊಂಡು ಕೋರ್ಟಿನಲ್ಲಿ ನಿಲ್ಲುವ ಮಸೂದೆ ಬರೆಯಬೇಕಿತ್ತು. ನಮ್ಮ ದೃಷ್ಟಿಯಲ್ಲಿ ತಪ್ಪಿದ್ದು ಇಲ್ಲಿ: ಕರಡನ್ನು ಜನರ ಮುಂದಿಟ್ಟು ಚರ್ಚೆಗೆ ಬಿಡಲಿಲ್ಲ. ಹಾಗೆ ಬಿಟ್ಟಿದ್ದರೆ ನಿಮ್ಮಂಥವರ ಅರ್ಜಿಗಳೂ ಕಡತದಲ್ಲಿ ಇರುತ್ತಿದ್ದವು. ಕೇಂದ್ರ ಸರ್ಕಾರಕ್ಕೆ 2014ರಿಂದ ಶಾಸನಪೂರ್ವ ಸಮಾಲೋಚನಾ ನೀತಿ ಎಂಬುದಿದೆ. ಕರಡು, ಅದರ ಕಾರಣ, ತಗಲುವ ಖರ್ಚು, ಪರಿಣಾಮಗಳನ್ನು ಕನಿಷ್ಠ 30 ದಿನ ಪ್ರಕಟಿಸಿ, ಬಂದ ಅಭಿಪ್ರಾಯಗಳ ಸಾರಾಂಶವನ್ನು ಸಂಪುಟದ ಮುಂದಿಡಬೇಕು ಎನ್ನುತ್ತದೆ. ಅದು ಕಾನೂನಲ್ಲ, ನೀತಿ ಮಾತ್ರ, ಹಾಗಾಗಿ ಮುರಿದರೂ ಕೇಳುವವರಿಲ್ಲ. 2020ರ ಜೂನಿನಲ್ಲಿ ಮೂರು ಕೃಷಿ ಸುಗ್ರೀವಾಜ್ಞೆಗಳು ಹಾಗೆಯೇ ಬಂದವು. ಅಭಿಪ್ರಾಯ ಕೇಳದೆ ಬಿಟ್ಟಿದ್ದ ರೈತರು ದೆಹಲಿಯ ಗಡಿಯಲ್ಲಿ ಒಂದು ವರ್ಷ ಕೂತ ಮೇಲೆ, 2021ರ ನವೆಂಬರಿನಲ್ಲಿ ಕಾಯ್ದೆಗಳು ರದ್ದಾದವು.

ಚದುರಿದವರು ಗೆದ್ದದ್ದೂ ನಮ್ಮ ರಾಜ್ಯದಲ್ಲೇ ಇದೆ. ಊಟ, ಸಾಮಾನು ಮುಟ್ಟಿಸುವ, ಕ್ಯಾಬ್ ಓಡಿಸುವ ಗಿಗ್ ಕಾರ್ಮಿಕರಿಗೆ ಒಂದೇ ಕಾರ್ಖಾನೆ ಇಲ್ಲ, ಒಂದೇ ಗೇಟು ಇಲ್ಲ. ಅವರ ಒಕ್ಕೂಟಗಳು ಕಾರ್ಮಿಕ ಇಲಾಖೆಯ ಜೊತೆ ಸಭೆ ಮೇಲೆ ಸಭೆ ನಡೆಸಿದವು. 2024ರ ಜೂನ್ ಕೊನೆಗೆ ಕರಡು ಪ್ರಕಟವಾಯಿತು. ಕಂಪನಿಗಳ ಕೂಟಗಳು ಅಲ್ಲಿಯೂ ವಿರೋಧಿಸಿದವು. ಆದರೆ ಎರಡೂ ಕಡೆಯ ವಾದ ಬಹಿರಂಗವಾಗಿದ್ದರಿಂದ ಮಸೂದೆ ಒಂದೇಟಿಗೆ ಬೀಳಲಿಲ್ಲ. 2025ರ ಮೇ ತಿಂಗಳಲ್ಲಿ ಸುಗ್ರೀವಾಜ್ಞೆ, ಅದೇ ವರ್ಷ ಕಾಯ್ದೆ ಬಂತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕರಿಗೆ ಸಲ್ಲುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು, ಕಲ್ಯಾಣ ಮಂಡಳಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳು ಇರಬೇಕು.

ಪ್ರಶ್ನೆ: ಪಕ್ಷಗಳಿಗೆ ದೇಣಿಗೆ ಕೊಟ್ಟು ಕೆಲಸ ಮಾಡಿಸಿಕೊಳ್ಳುವುದಕ್ಕೂ ಲಂಚಕ್ಕೂ ಏನು ವ್ಯತ್ಯಾಸ?
— ವ್ಯಾಪಾರಿ, ಹುಬ್ಬಳ್ಳಿ

ಉತ್ತರ: ಕಾನೂನಿನಲ್ಲಿ ವ್ಯತ್ಯಾಸವಿದೆ. ಇಂಥ ಕೆಲಸಕ್ಕೆ ಇಷ್ಟು ಎಂದು ಸಾರ್ವಜನಿಕ ಸೇವಕನಿಗೆ ಕೊಟ್ಟರೆ ಅದು 1988ರ ಭ್ರಷ್ಟಾಚಾರ ತಡೆ ಕಾಯ್ದೆಯಡಿ ಅಪರಾಧ, 2018ರ ತಿದ್ದುಪಡಿಯ ನಂತರ ಕೊಟ್ಟವರಿಗೂ ಶಿಕ್ಷೆ. ಪಕ್ಷಕ್ಕೆ ಕೊಡುವ ದೇಣಿಗೆ ಅಪರಾಧವಲ್ಲ. ಆದರೆ ಅದರ ಹಿಂದೆ ಕೊಡು ಕೊಳ್ಳುವಿಕೆ ಇದೆಯೇ ಎಂದು ಜನ ನೋಡಬೇಕಾದರೆ ಹೆಸರು, ಮೊತ್ತ ಎರಡೂ ಗೊತ್ತಾಗಬೇಕು. 2018ರಲ್ಲಿ ಜಾರಿಗೆ ಬಂದ ಚುನಾವಣಾ ಬಾಂಡ್ (ಬ್ಯಾಂಕಿನಿಂದ ಕೊಂಡು ಪಕ್ಷಕ್ಕೆ ಕೊಡುತ್ತಿದ್ದ ದೇಣಿಗೆ ಪತ್ರ) ಅದನ್ನೇ ಮುಚ್ಚಿತು. ಮೂರು ವರ್ಷದ ಸರಾಸರಿ ಲಾಭದ ಶೇ 7.5ಕ್ಕಿಂತ ಹೆಚ್ಚು ಕಂಪನಿಗಳು ಕೊಡುವಂತಿಲ್ಲ ಎಂಬ ಮಿತಿಯನ್ನೂ ಅದಕ್ಕೆ ಮೊದಲೇ ತೆಗೆದುಹಾಕಲಾಗಿತ್ತು. ಎರಡನ್ನೂ ಸುಪ್ರೀಂ ಕೋರ್ಟ್ 2024ರ ಫೆಬ್ರುವರಿ 15ರಂದು ಅಸಾಂವಿಧಾನಿಕ ಎಂದಿತು. ಅರ್ಜಿದಾರರಲ್ಲಿ ಪ್ರಮುಖವಾದದ್ದು ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಎಂಬ ಸಂಸ್ಥೆ, ಅದೂ ಒಂದು ಹಿತಾಸಕ್ತಿ ಗುಂಪೇ, ಅದರ ಹಿತಾಸಕ್ತಿ ಮತದಾರನಿಗೆ ಮಾಹಿತಿ ಸಿಗಬೇಕು ಎಂಬುದು.

ಈಗ 20,000 ರೂಪಾಯಿಗಿಂತ ಹೆಚ್ಚಿನ ದೇಣಿಗೆ ಕೊಟ್ಟವರ ವಿವರವನ್ನು ಪಕ್ಷಗಳು ಪ್ರತಿ ವರ್ಷ ಚುನಾವಣಾ ಆಯೋಗಕ್ಕೆ ಕೊಡಬೇಕು, ಅದು ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಸಚಿವರನ್ನು ಭೇಟಿಯಾಗಿ ಒತ್ತಡ ತರುವವರ ಲೆಕ್ಕ ಮಾತ್ರ ನಮ್ಮಲ್ಲಿ ಎಲ್ಲೂ ಇಲ್ಲ. ಅಮೆರಿಕದಲ್ಲಿ 1995ರ ಕಾಯ್ದೆಯಂತೆ ಲಾಬಿಗಾರರು ನೋಂದಾಯಿಸಿಕೊಂಡು, ಯಾರ ಪರವಾಗಿ, ಯಾವ ವಿಷಯಕ್ಕೆ, ಎಷ್ಟು ಖರ್ಚಿನಲ್ಲಿ ಎಂದು ವರದಿ ಕೊಡಬೇಕು. ಅಲ್ಲಿ ಹಣದ ಪ್ರಭಾವ ಅದರಿಂದ ತಗ್ಗಲಿಲ್ಲ, ಆದರೆ ಕಣ್ಣಿಗೆ ಬೀಳುತ್ತದೆ. ಇಲ್ಲಿಯೂ ಕನಿಷ್ಠ ಅಷ್ಟು ಬೇಕೇ ಬೇಕು.

ಪ್ರಶ್ನೆ: ಅಂಗನವಾಡಿ ಕಟ್ಟಡಕ್ಕಾಗಿ ಶಾಸಕರಿಗೆ, ಜಿಲ್ಲಾಧಿಕಾರಿಗೆ, ಮಂತ್ರಿಗಳಿಗೆ ನಮ್ಮ ಮಹಿಳಾ ಸಂಘದಿಂದ ಮನವಿ ಕೊಟ್ಟು ಕೊಟ್ಟು ಸಾಕಾಗಿದೆ. ಫೋಟೋ ಪೇಪರಿನಲ್ಲಿ ಬರುತ್ತದೆ, ಕಟ್ಟಡ ಬರುವುದಿಲ್ಲ.
— ಸ್ವಸಹಾಯ ಸಂಘದ ಕಾರ್ಯದರ್ಶಿ, ಯಾದಗಿರಿ ಜಿಲ್ಲೆ

ಉತ್ತರ: ಕಾರ್ಯಕ್ರಮಗಳಲ್ಲಿ ಕೈಗೆ ಕೊಟ್ಟ ಮನವಿ ಅನೇಕ ಸಲ ಕಡತವೇ ಆಗುವುದಿಲ್ಲ. ಮನವಿಯನ್ನು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಮತ್ತು ದಿನಾಂಕ ಹಾಕಿಸಿಕೊಳ್ಳಿ. ಮಂತ್ರಿಗಳಿಗೆ ಬರೆದರೂ ಒಂದು ಪ್ರತಿ ಕೆಲಸ ಮಾಡಬೇಕಾದ ಅಧಿಕಾರಿಗೇ ಹೋಗಲಿ. ನಿಮ್ಮ ವಿಷಯದಲ್ಲಿ ಅದು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ. ಮನವಿ ಒಂದು ಪುಟ ಮೀರಬಾರದು, ಬೇಡಿಕೆ ಒಂದೇ ಇರಲಿ. ಕಟ್ಟಡದ ಜೊತೆ ರಸ್ತೆ, ಚರಂಡಿ, ಬಸ್ಸು ಎಲ್ಲ ಸೇರಿಸಿದರೆ ಕಡತ ನಾಲ್ಕು ಇಲಾಖೆ ಸುತ್ತುತ್ತದೆ. ಅಂಗನವಾಡಿ ಸಂಖ್ಯೆ, ದಾಖಲಾದ ಮಕ್ಕಳೆಷ್ಟು, ಈಗಿನ ಬಾಡಿಗೆ ಎಷ್ಟು, ಜಾಗದ ಅಳತೆ ಬರೆಯಿರಿ. ಇಂಥ ಕೋರಿಕೆ ಹೆಚ್ಚಾಗಿ ನಿಲ್ಲುವುದು ಜಾಗದ ಹತ್ತಿರ. ಅದಕ್ಕೇ ಮೊದಲು ಗ್ರಾಮಸಭೆಯಲ್ಲಿ ನಿವೇಶನ ಗುರುತಿಸಿ, ನಡಾವಳಿ ಪುಸ್ತಕದಲ್ಲಿ ಠರಾವು ಬರೆಸಿ, ಅದರ ನಕಲನ್ನು ಮನವಿಗೆ ಲಗತ್ತಿಸಿ.

ಒಂದೂವರೆ ತಿಂಗಳು ಕಾಯಿರಿ. ಉತ್ತರ ಬರದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಕೇಳಿ: "ಇಂಥ ದಿನಾಂಕದ ನಮ್ಮ ಮನವಿಯ ಮೇಲೆ ತೆಗೆದುಕೊಂಡ ಕ್ರಮದ ಟಿಪ್ಪಣಿ ಹಾಳೆಯ ನಕಲು ಕೊಡಿ." ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ, 150 ಪದಗಳೊಳಗೆ ಇರಬೇಕು. ಯಾಕೆ ಮಾಡಲಿಲ್ಲ ಎಂದು ಕೇಳಬೇಡಿ, ಕಾರಣ ಕೇಳುವುದು ಮಾಹಿತಿಯಲ್ಲ ಎಂದು ತಿರಸ್ಕರಿಸುತ್ತಾರೆ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ, ಅದೂ ಫಲಿಸದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ. ಟಿಪ್ಪಣಿ ಹಾಳೆ ಕೈಗೆ ಬಂದರೆ ಕಡತ ಯಾರ ಮೇಜಿನಲ್ಲಿ, ಯಾವ ತಕರಾರಿಗೆ ನಿಂತಿದೆ ಎಂದು ಗೊತ್ತಾಗುತ್ತದೆ. ಮುಂದಿನ ಮನವಿ ಆ ತಕರಾರಿಗೆ ಉತ್ತರವಾಗಿರಲಿ.

ಕಾಲವನ್ನೂ ನೋಡಿಕೊಳ್ಳಿ. ರಾಜ್ಯದ ಬಜೆಟ್ ಫೆಬ್ರುವರಿ, ಮಾರ್ಚ್ ಹೊತ್ತಿಗೆ ಮಂಡನೆಯಾಗುತ್ತದೆ, ಇಲಾಖೆಗಳ ಪ್ರಸ್ತಾವಗಳು ಅದಕ್ಕೆ ತಿಂಗಳುಗಳ ಮೊದಲೇ ಸಿದ್ಧವಾಗುತ್ತವೆ. ನಿಮ್ಮ ಕೋರಿಕೆ ದೀಪಾವಳಿಗೆ ಮುಂಚೆಯೇ ಸಿಡಿಪಿಒ ಕಚೇರಿ ದಾಟಿ ಜಿಲ್ಲೆಗೆ ಹೋಗಿರುವಂತೆ ನೋಡಿಕೊಳ್ಳಿ. ಪಕ್ಕದ ನಾಲ್ಕೈದು ಹಳ್ಳಿಗಳಲ್ಲೂ ಬಾಡಿಗೆ ಕೋಣೆಯ ಅಂಗನವಾಡಿಗಳಿದ್ದರೆ ಅಲ್ಲಿನ ಸಂಘಗಳನ್ನು ಸೇರಿಸಿಕೊಂಡು ಒಂದೇ ಪಟ್ಟಿ ಮಾಡಿ ಕೊಡಿ.